ಕೋಳಿಗೂಡಿನ ಡ್ಯೂಟಿ

ಫೆಬ್ರವರಿ ೯, ಸೋಮವಾರ

ಇಪ್ಪತ್ತೆರಡು ವರ್ಷ ಡ್ಯೂಟಿ ಮುಗಿಸಿ ಲಾಗ್ ಪುಸ್ತಕ ತುಂಬಿ ಸಹಿ ಹಾಕಿದ ಕೈ ಇದು. ಸಂಜೆಯಾದರೆ ಸಾಕು, ತಾನಾಗಿ ಪೆನ್ನು ಹುಡುಕುತ್ತದೆ. ಕಪಾಟಿನಲ್ಲಿ ಒಂದು ಖಾಲಿ ಲಾಗ್ ಪುಸ್ತಕ ಸಿಕ್ಕಿತು. ಇದನ್ನು ಯಾರೂ ತಪಾಸಣೆಗೆ ಕೇಳುವುದಿಲ್ಲ.

ಹೊರಟ ಸ್ಥಳ: ಮನೆ. ತಲುಪಿದ ಸ್ಥಳ: ಹಿತ್ತಲು. ವಾಹನದ ಸ್ಥಿತಿ: ವಾಹನ ಇಲ್ಲ.

ಹೋದ ಸೋಮವಾರ ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ನನ್ನ ಬಸ್ಸು ಮಾರುಕಟ್ಟೆ ಸ್ಟಾಪಿನ ತಂಗುದಾಣಕ್ಕೆ ಗುದ್ದಿತು. ತಂಗುದಾಣದಲ್ಲಿ ಯಾರೂ ಇರಲಿಲ್ಲ. ಬಸ್ಸಿನಲ್ಲಿದ್ದ ಮೂವರಿಗೆ ತರಚು ಗಾಯ. ಕಂಡಕ್ಟರ್ ಸೀಟಿಯ ಬಲಗಾಲು ಎರಡು ಕಡೆ ಮುರಿಯಿತು. ಬಸ್ಸಿನಲ್ಲಿ ಬೆಲ್ ಇದ್ದರೂ ಬಾಯಲ್ಲೇ ಸೀಟಿ ಹೊಡೆಯುವ ಆಸಾಮಿ ಅವನು, ಡಿಪೋದಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಅದೇ ದಿನ ಆಫೀಸಿನಲ್ಲಿ ಕೂತು 'ಪೆಡಲ್ ತುಳಿದೆ, ಬ್ರೇಕ್ ಹಿಡಿಯಲಿಲ್ಲ' ಎಂದು ಬರೆದುಕೊಟ್ಟೆ. ನನ್ನನ್ನೂ, ಬ್ರೇಕ್ ನೋಡಿ ಸಹಿ ಹಾಕಿದ್ದ ಮೇಸ್ತ್ರಿಯನ್ನೂ ಕೆಲಸದಿಂದ ತಡೆಹಿಡಿದರು. ಮಾರ್ಚ್ ಇಪ್ಪತ್ನಾಲ್ಕಕ್ಕೆ ವಿಚಾರಣೆ. ಬಸ್ಸಿನ ಮುಂಭಾಗ ನುಜ್ಜುಗುಜ್ಜಾಗಿ ಬ್ರೇಕಿನ ಪೈಪುಗಳೆಲ್ಲ ಹರಿದಿವೆ, ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲವಂತೆ. ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆ.

ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವಾಗ, "ಸದ್ಯ, ನಿಮ್ಮ ತಪ್ಪೇನಿಲ್ವಲ್ಲ. ಮನೇಲಿ ಸುಮ್ನೆ ಕೂರಬೇಡಿ, ಅಮ್ಮನ ಕೋಳಿ ನೋಡ್ಕೊಳ್ಳಿ" ಎಂದಳು. ಅವಳ ಅಮ್ಮ, ನಮ್ಮತ್ತೆ, ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಕೋಳಿ ಐದು, ತರಕಾರಿ ಪಾತಿ ನಾಲ್ಕು. ಇದೇ ಈಗ ನನ್ನ ಡ್ಯೂಟಿ.

ಫೆಬ್ರವರಿ ೧೧

ಬ್ರೇಕ್ ಹಿಡಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ತುಳಿಯಲೇ ಇಲ್ಲ. ಹೀಟರ್ ಬೆಚ್ಚಗಿತ್ತು, ಕಣ್ಣು ಮುಚ್ಚಿತು, ಸದ್ದಿಗೆ ತೆರೆಯಿತು.

ಬರೆದು ನೋಡಿದೆ. ಏನೂ ಅನ್ನಿಸಲಿಲ್ಲ. ಹರಿದು ಹಾಕೋಣವೆಂದರೆ ಲಾಗ್ ಪುಸ್ತಕದ ಹಾಳೆ ಹರಿಯಬಾರದೆಂದು ನಿಯಮ. ಹಾಗೇ ಬಿಟ್ಟೆ.

ಮೊಟ್ಟೆ ಒಂದು.

ಫೆಬ್ರವರಿ ೧೫

ಬೆಳಿಗ್ಗೆ ಕೋಳಿಗಳ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬೆರಳಲ್ಲಿ ಒಡೆದೆ.

ಅತ್ತೆ ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿ, ಇನ್ನೊಂದು ಕೈ ಗಾಳಿಯಲ್ಲಿ, ಟ್ರಾಫಿಕ್ ಪೊಲೀಸಿನ ಹಾಗೆ. ಇಪ್ಪತ್ತೆರಡು ವರ್ಷ ಆ ಜನರ ಕೈ ನೋಡಿಯೇ ಗಾಡಿ ಓಡಿಸಿದ್ದೇನೆ, ಹಾಗಾಗಿ ತೊಂದರೆಯಿಲ್ಲ.

"ಅಳಿಯಂದ್ರೇ, ಮಣ್ಣು ಹದಕ್ಕೆ ಬಂದಿದೆಯಾ ನೋಡಿ. ಒಂದು ಮುಷ್ಟಿ ಹಿಡಿದು ಬಿಡಿ."

ಹಿಡಿದು ಬಿಟ್ಟೆ. ಉಂಡೆಯಾಗಿ ಕೂತಿತು.

"ಇನ್ನೂ ಹಸಿ. ಈಗ ಅಗೆದ್ರೆ ಒಣಗಿ ಇಟ್ಟಿಗೆ ಆಗುತ್ತೆ. ಪುಡಿಪುಡಿಯಾಗಿ ಉದುರಬೇಕು. ಇನ್ನೊಂದು ವಾರ ತಡೀರಿ."

"ಅಲ್ಲೀವರೆಗೆ ಏನು ಮಾಡ್ಲಿ ಅತ್ತೆ?"

"ಗೂಡು ಬಳೀರಿ. ಗೊಬ್ಬರ ಆ ಮೂಲೆಗೆ ಹಾಕಿ. ಹಸೀದನ್ನ ತಗೊಂಡ್ಹೋಗಿ ಪಾತಿಗೆ ಸುರಿದೀರಿ ಮತ್ತೆ, ಬೇರುಗಳೆಲ್ಲ ಸುಟ್ಟುಹೋಗುತ್ತೆ. ಮಾತಾಡದೆ ಕೆಲ್ಸ ಮಾಡೋ ಗಂಡಸು ಸಿಕ್ಕಿರೋದು ನನ್ನ ಪುಣ್ಯ, ಆದ್ರೆ ಇಷ್ಟೊಂದು ಮಾತಾಡದೇ ಇದ್ರೆ ಭಯ ಆಗುತ್ತಪ್ಪ."

ಗೂಡು ಬಳಿದೆ.

ಫೆಬ್ರವರಿ ೧೯

ಮೊಟ್ಟೆ ಎರಡು. ಏನೂ ಇಲ್ಲ.

ಫೆಬ್ರವರಿ ೨೨

ಸೀಟಿಯನ್ನು ನೋಡಲು ಅವನ ಮನೆಗೆ ಹೋದೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಪ್ಲಾಸ್ಟರಿನ ಮೇಲೆ ಅವನ ಮಕ್ಕಳು ಬಸ್ಸಿನ ಚಿತ್ರ ಬರೆದಿದ್ದಾರೆ. ನನ್ನನ್ನು ನೋಡಿ ನಕ್ಕ. ನಾನೂ ನಕ್ಕೆ, ನಗಬೇಕಲ್ಲ.

"ಗುರುವೇ, ನಾನೂ ನಿಮ್ಮ ಹಾಗೇ ಬರೆದುಕೊಟ್ಟಿದೀನಿ. ಡ್ರೈವರ್ ಪೆಡಲ್ ತುಳಿದಿದ್ದನ್ನ ಕಣ್ಣಾರೆ ನೋಡ್ದೆ ಅಂತ. ನೀವು ತಲೆ ಕೆಡಿಸ್ಕೋಬೇಡಿ."

"ನೀನು ನೋಡಿದ್ಯಾ?"

ಅವನು ಪ್ಲಾಸ್ಟರಿನ ಅಂಚು ಕೆರೆದುಕೊಂಡ. "ಬಸ್ಸು ಎಡಕ್ಕೆ ವಾಲಿದಾಗ ಎರಡು ಸಲ ಸೀಟಿ ಹೊಡ್ದೆ. ನೀವು... ಇರ್ಲಿ ಬಿಡಿ. ಹನ್ನೊಂದು ವರ್ಷ ಒಂದೇ ಬಸ್ಸಲ್ಲಿದೀವಿ. ಟೀ ಕುಡೀರಿ."

ಅವನಿಗೆ ಗೊತ್ತು. ಕುಡಿದು ಬಂದೆ. ಟೀಗೆ ಸಕ್ಕರೆ ಇತ್ತೋ ಇಲ್ಲವೋ ನೆನಪಾಗುತ್ತಿಲ್ಲ.

ಫೆಬ್ರವರಿ ೨೬

ಇವತ್ತು ಮಣ್ಣು ಪುಡಿಯಾಗಿ ಉದುರಿತು. ಎರಡು ಪಾತಿ ಅಗೆದೆ. ನಿನ್ನೆ ನೆನೆಹಾಕಿದ್ದ ಬಟಾಣಿ ಊರಿದೆ. ಮೂಲಂಗಿ ಬೀಜ ಎರಚಿದೆ. ಕಿಟಕಿಯ ಹತ್ತಿರ ಡಬ್ಬಿಗಳಲ್ಲಿ ಎದ್ದಿರುವ ಎಲೆಕೋಸಿನ ಸಸಿಗಳನ್ನು ಹಗಲು ಹೊರಗಿಟ್ಟು ಸಂಜೆ ಒಳಗೆ ತರಬೇಕಂತೆ, ಚಳಿ ಅಭ್ಯಾಸವಾಗಲಿ ಎಂದು. ಅವು ಅತ್ತೆಯ ಪ್ರಾಣ. ಬಿದ್ದು ಕೈ ಮುರಿಯುವ ಹಿಂದಿನ ದಿನ ಬಿತ್ತಿದ್ದಂತೆ. ನಲವತ್ತು ಸಸಿ.

ಬೆನ್ನು ನೋಯುತ್ತಿದೆ.

ಮಾರ್ಚ್ ೧

ಸಸಿ ನೆಟ್ಟೆ. ಕೋಳಿಗಳ ಜಾಗಕ್ಕೂ ಪಾತಿಗಳಿಗೂ ನಡುವೆ ಸೊಂಟದೆತ್ತರದ ಜಾಲರಿ ಬೇಲಿ. ಹೆಡ್‌ಮಿಸ್ಸು ಎಂದು ಅತ್ತೆ ಹೆಸರಿಟ್ಟಿರುವ ಕೋಳಿ ಮೊನ್ನೆ ಅದನ್ನು ಹಾರಿ ಬಂದಿತ್ತು. ಅತ್ತೆ ಮಗಳ ಜೊತೆ ಆಸ್ಪತ್ರೆಗೆ ಹೊರಡುತ್ತಾ ಬಾಗಿಲಿಂದಲೇ ಕೂಗಿದರು: "ಅಳಿಯಂದ್ರೇ, ನಾವು ಬರೋದ್ರೊಳಗೆ ಐದರದ್ದೂ ರೆಕ್ಕೆ ಕತ್ತರಿಸಿಡಿ. ತುದೀಲಿರೋ ಉದ್ದ ಗರಿ ಮಾತ್ರ, ನೋವಾಗಲ್ಲ."

ಒಂದೊಂದನ್ನೇ ಹಿಡಿದು, ಟವೆಲ್ಲು ಸುತ್ತಿ, ಅಚ್ಚುಕಟ್ಟಾಗಿ ಕತ್ತರಿಸಿದೆ. ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ. ಅಳತೆ ಹಿಡಿದು ನೋಡಿದೆ, ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ಹೆಡ್‌ಮಿಸ್ಸು ಮಾತ್ರ ನನ್ನ ಹೆಬ್ಬೆರಳು ಕುಕ್ಕಿತು. ಕೋಳಿಯ ಎದೆ ಬಿಸಿಯಾಗಿರುತ್ತದೆ, ಗೊತ್ತಿರಲಿಲ್ಲ.

ಮಾರ್ಚ್ ೪

ಬ್ರೇಕ್ ಮೇಸ್ತ್ರಿ ಬಂದಿದ್ದ.

ಜಗಳಕ್ಕೆ ಬಂದ ಎಂದುಕೊಂಡೆ. ಕೈಯಲ್ಲಿ ಗುದ್ದಲಿ ಇತ್ತು, ಕೆಳಗಿಟ್ಟೆ. ಹೊಡೆದರೆ ಹೊಡೆಸಿಕೊಳ್ಳೋಣ ಎಂದು ನಿಂತೆ. ಅವನು ಗೇಟಿನಲ್ಲೇ ಚಪ್ಪಲಿ ಬಿಟ್ಟು ಬಂದ. ಕೆಸರಿತ್ತು, ಹಾಕಿಕೊಂಡೇ ಬರಬಹುದಿತ್ತು.

"ಅಣ್ಣ, ಕ್ಷಮೆ ಕೇಳೋಕೆ ಬಂದೆ."

ಕೂತ್ಕೋ ಎಂದೆ. ಕೂರಲಿಲ್ಲ.

"ಒಂದೇ ಒಂದು ಹೇಳಿ. ಪೆಡಲ್ ಪೂರ್ತಿ ಕೆಳಗೆ ಹೋಯ್ತಾ, ಅರ್ಧಕ್ಕೆ ನಿಂತ್ಕೊಳ್ತಾ?"

"ನೆನಪಿಲ್ಲ."

"ಪೂರ್ತಿ ಹೋಗಿದ್ರೆ ನಾನು ಪೈಪಿನ ನಟ್ಟು ಬಿಗಿ ಮಾಡಿಲ್ಲ ಅಂತಲೇ ಅರ್ಥ. ಮಾಡಿದೀನಿ ಅಂತ ನೆನಪು. ಆದ್ರೆ ಮಧ್ಯದಲ್ಲಿ ಮನೆಯಿಂದ ಫೋನ್ ಬಂತು, ಎದ್ದುಹೋಗಿ ಮಾತಾಡಿ ಬಂದೆ. ಬಂದ ಮೇಲೆ ಬಿಗಿ ಮಾಡಿದ್ನಾ ಇಲ್ವಾ? ದಿನಾ ತಲೇಲಿ ಅದನ್ನೇ ಬಿಚ್ತೀನಿ, ಅದನ್ನೇ ಕಟ್ತೀನಿ ಅಣ್ಣ. ಒಂದು ದಿನ ಬಿಗಿ ಮಾಡಿರ್ತೀನಿ, ಒಂದು ದಿನ ಮಾಡಿರಲ್ಲ. ನಿಮ್ಮಂಥವರು ಸುಳ್ಳು ಯಾಕೆ ಬರೀತಾರೆ? ನನ್ನ ಕೈಯಲ್ಲೇ ಆಗಿರೋದು. ಸೀಟಿ ಕಾಲು ಹೋಯ್ತು, ನಿಮ್ಮ ಪ್ರಾಣವೂ ಹೋಗ್ತಿತ್ತು."

ಅತ್ತೆ ಕುರ್ಚಿಯಿಂದಲೇ, "ಪಾಪ, ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ! ಅಳಿಯಂದ್ರೇ, ಅವರಿಗೆ ಮೊಟ್ಟೆ ಕೊಟ್ಟು ಕಳಿಸಿ" ಎಂದರು. ಆರು ಮೊಟ್ಟೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ.

ಆಮೇಲೆ ಬಟಾಣಿಗೆ ನೀರು ಹಾಕಿದೆ.

ಮಾರ್ಚ್ ೫

ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ ೧೦

ಬೆಳಿಗ್ಗೆ ಎದ್ದು ನೋಡಿದರೆ ಎಲೆಕೋಸಿನ ಪಾತಿ ಸರ್ವನಾಶ. ಐದೂ ಕೋಳಿಗಳು ಅದರ ನಡುವೆ ನಿಂತು ಹಬ್ಬ ಮಾಡುತ್ತಿದ್ದವು. ನಲವತ್ತರಲ್ಲಿ ಮೂರು ಸಸಿ ಉಳಿದಿವೆ, ಅವೂ ಬರೀ ದಂಟು.

ಅತ್ತೆ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಬೇಲಿಯ ಬಾಗಿಲ ಹತ್ತಿರ ಹೋಗಿ ಅಗಣಿಯನ್ನು ಹಿಂದೆ ಮುಂದೆ ಎಳೆದು ನೋಡುತ್ತಾ ನಿಂತರು. "ನಿನ್ನೆ ಸಾಯಂಕಾಲ ಕಾಳು ಹಾಕೋಕೆ ಬಂದಿದ್ದೆ. ಅಗಣಿ ಹಾಕಿದ್ದೆ ಅಂತಲೇ ನೆನಪು. ಎಡಗೈ ನೋಡಿ, ಸರಿಯಾಗಿ ಕೂತಿಲ್ವೇನೋ" ಎಂದರು. ಬಾಗಿಲು ಈಗ ಮುಚ್ಚಿದೆಯಲ್ಲ ಎಂದು ನಾನು ಹೇಳಿದ್ದಕ್ಕೆ, ಗಾಳಿಗೆ ಮುಚ್ಚಿಕೊಂಡಿರುತ್ತದೆ ಎಂದರು.

ಹೆಂಡತಿ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. "ಅಮ್ಮ, ನಿಂಗೆ ಈಚೆಗೆ ಮರೆವು ಜಾಸ್ತಿ ಆಗಿದೆ. ಮೊನ್ನೆ ಒಲೆ ಮೇಲೆ ನೀರಿಟ್ಟು ಮರ್ತಿದ್ದೆ. ಇನ್ಮೇಲೆ ಗೂಡಿನ ಹತ್ರ ಹೋಗ್ಲೇಬೇಡ, ಎಲ್ಲಾ ಇವರೇ ನೋಡ್ಕೊಳ್ತಾರೆ" ಎಂದಳು. ಅತ್ತೆ, ಯಾರ ಮಾತಿಗೂ ಒಂದಕ್ಕೆರಡು ಕೊಡುವವರು, "ಆಯ್ತಮ್ಮ" ಎಂದರು.

ಮಾರ್ಚ್ ೧೨

ಕಂಡೆ. ಹನ್ನೊಂದು ಗಂಟೆಗೆ. ಬಾಗಿಲಿಗೆ ನಾನೇ ಅಗಣಿ ಹಾಕಿ, ತಂತಿಯನ್ನೂ ಸುತ್ತಿದ್ದೆ. ಹೆಡ್‌ಮಿಸ್ಸು ಬೇಲಿಯ ಬುಡಕ್ಕೆ ಬಂತು, ಕತ್ತೆತ್ತಿ ನೋಡಿತು, ಕುಕ್ಕುರುಗಾಲಲ್ಲಿ ಕೂತಿತು, ಪಟಪಟ ಬಡಿದು ನೇರವಾಗಿ ಎದ್ದು ಈಚೆಗೆ ಇಳಿಯಿತು. ಎಷ್ಟು ಚೆನ್ನಾಗಿ ಇಳಿಯಿತು ಎಂದರೆ ಒಂದು ಹೆಜ್ಜೆ ಕೂಡ ತಪ್ಪಲಿಲ್ಲ.

ಹಾಗಾದರೆ ಅಗಣಿ ಅಲ್ಲ. ನಾನು ಕತ್ತರಿಸಿದ್ದರಲ್ಲೇ ಏನೋ ತಪ್ಪಾಗಿದೆ.

ಅತ್ತೆ ಒಳಗೆ ಕಿಟಕಿಯ ಹತ್ತಿರ ಬೆನ್ನು ಹಾಕಿ ಕೂತಿದ್ದರು. ಹೇಳಲಿಲ್ಲ. ಕೋಳಿಯನ್ನು ಎತ್ತಿ ಆಚೆ ಬಿಟ್ಟೆ.

ಮಾರ್ಚ್ ೧೪, ಶನಿವಾರ

ಅತ್ತೆ ನಾಲ್ಕು ದಿನದಿಂದ ಹಿತ್ತಲಿಗೆ ಬಂದಿಲ್ಲ. ಕುರ್ಚಿ ಖಾಲಿ. ನೀರು ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವವರಿಲ್ಲ. ಇಷ್ಟು ದಿನ ಕಿರಿಕಿರಿ ಎನ್ನುತ್ತಿದ್ದವನು ನಾನೇ. ಈಗ ಗುದ್ದಲಿ ಹಿಡಿದು ನಿಂತರೆ ಕೈ ಮುಂದಕ್ಕೆ ಹೋಗುವುದಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಹೋದೆ. ಒಲೆ ಆರಿದೆಯಾ ಎಂದು ಅತ್ತೆ ಗುಂಡಿ ಮುಟ್ಟಿ ನೋಡುತ್ತಿದ್ದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮತ್ತೆ ಮುಟ್ಟಿದರು.

"ಅತ್ತೆ, ನೀವು ಅಗಣಿ ಹಾಕಿದ್ರಿ. ಕೋಳಿಗಳು ಬೇಲಿ ಹಾರಿ ಬಂದಿದ್ದು."

"ಅದ್ಹೇಗೆ? ರೆಕ್ಕೆ ಕತ್ತರಿಸಿದೀರಲ್ಲ?"

"ಕತ್ತರಿಸಿದೀನಿ. ಎರಡೂ."

"ಎರಡೂ?"

"ಒಂದೇ ಸಮ ಇರ್ಲಿ, ಬ್ಯಾಲೆನ್ಸ್ ತಪ್ಪಬಾರದು ಅಂತ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಶುರುವಾಯಿತು ನಗು. ಗೋಡೆ ಹಿಡಿದುಕೊಂಡು, ಪ್ಲಾಸ್ಟರಿನ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕರು. "ಅಯ್ಯೋ ನನ್ನಪ್ಪಾ! ಬ್ಯಾಲೆನ್ಸ್ ತಪ್ಪಲಿ ಅಂತಲೇ ಕಣ್ರೀ ಒಂದೇ ಕಡೆ ಕತ್ತರಿಸೋದು! ಒಂದು ಪಕ್ಕ ವಾಲಿದ್ರೆ ತಾನೇ ಹಾರೋಕಾಗದೆ ಬೀಳೋದು? ಕೋಳಿಗೂ ವೀಲ್ ಅಲೈನ್‌ಮೆಂಟ್ ಮಾಡಿಟ್ಟಿದಾರಲ್ಲಪ್ಪ ನನ್ನ ಅಳಿಯ!"

ನನಗೂ ನಗು ಬಂತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೇಳದೇ ಇದ್ದರೂ, "ಗುರುವಾರವೇ ನೋಡಿದೆ ಅತ್ತೆ. ಎರಡು ದಿನ ಹೇಳ್ಲಿಲ್ಲ" ಎಂದೆ.

ನಗು ನಿಂತಿತು. "ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲ."

"ಎರಡು ದಿನ ನಾನು ನನ್ನ ತಲೆ ಕೆಡ್ತಾ ಇದೆ ಅಂದ್ಕೊಂಡಿದ್ದೆ ಅಳಿಯಂದ್ರೇ. ನಮ್ಮಮ್ಮನಿಗೂ ಕೊನೆಗೆ ಹಾಗೇ ಆಗಿತ್ತು. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರೇ ಕುರ್ಚಿ ಎಳೆದುಕೊಂಡು ಹಿತ್ತಲಿಗೆ ಬಂದರು. ಒಂದು ಗಂಟೆ ಬಟಾಣಿ ಸಾಲಿನ ಕಡೆಗೇ ಮುಖ ಮಾಡಿ ಕೂತಿದ್ದರು. ಆಮೇಲೆ, "ಅಲ್ಲೇ ನಿಂತ್ಕೊಂಡು ಏನು ನೋಡ್ತೀರಿ, ಬೇಲಿ ಮೇಲೆ ಬಲೆ ಕಟ್ಟಿ. ಕತ್ತರಿಸಿದ ಗರಿ ಉದುರಿ ಹೊಸದು ಬರೋವರೆಗೆ ಬೇರೆ ದಾರಿ ಇಲ್ಲ" ಎಂದರು. ಕಟ್ಟಿದೆ.

ಮಾರ್ಚ್ ೧೯

ಇವತ್ತು ಬೆಳಿಗ್ಗೆ ಮಂಜಿರಲಿಲ್ಲ. ಬಟಾಣಿ ಸಾಲು ಪೂರ್ತಿ ಎದ್ದಿದೆ, ಮಧ್ಯೆ ಒಂದು ಕಡೆ ಮಾತ್ರ ಖಾಲಿ, ಅಲ್ಲಿ ಇಲಿ ತಿಂದಿರಬೇಕು. ಬಳ್ಳಿ ಹಬ್ಬಲು ಕಡ್ಡಿ ಚುಚ್ಚಿದೆ. ಮೂಲಂಗಿ ಒತ್ತೊತ್ತಾಗಿ ಹುಟ್ಟಿದೆ, ನಡುನಡುವೆ ಕೀಳಬೇಕು ಎಂದರು ಅತ್ತೆ. ಚೆನ್ನಾಗಿರುವುದನ್ನು ಕೀಳಲು ಮನಸ್ಸು ಬರುವುದಿಲ್ಲ ಎಂದೆ. "ಎಲ್ಲಾನೂ ಉಳಿಸ್ಕೊಳ್ತೀನಿ ಅಂದ್ರೆ ಒಂದೂ ದಪ್ಪ ಆಗಲ್ಲ, ಬರೀ ಬಾಲ ಸಿಗುತ್ತೆ" ಎಂದರು. ಕಿತ್ತೆ. ಕಿತ್ತ ಸಸಿಗಳನ್ನು ಕೋಳಿಗಳಿಗೆ ಹಾಕಿದರೆ ಹೆಡ್‌ಮಿಸ್ಸು ಎಲ್ಲರನ್ನೂ ಗದರಿಸಿ ಮೊದಲು ತಾನೇ ತಿಂದಿತು. ಹಗಲು ಉದ್ದವಾಗುತ್ತಿದ್ದ ಹಾಗೆ ಮೊಟ್ಟೆಯೂ ಹೆಚ್ಚುತ್ತದಂತೆ. ಇವತ್ತು ನಾಲ್ಕು. ಎಲೆಕೋಸಿನ ಬೀಜ ಮತ್ತೆ ಬಿತ್ತಿದ್ದೇವೆ. ತಡವಾಯಿತು, ಆದರೂ ಬರುತ್ತದೆ ಎನ್ನುತ್ತಾರೆ.

ಅತ್ತೆಯ ಪ್ಲಾಸ್ಟರ್ ನಿನ್ನೆ ಬಿಚ್ಚಿದರು. ಕೈ ಸಣ್ಣಗಾಗಿದೆ. ಆ ಕೈಯಲ್ಲಿ ಒಂದು ಲೋಟ ಎತ್ತಿ ತೋರಿಸಿದರು. ಕೈ ಸರಿಯಾಯಿತಲ್ಲ, ಇನ್ನು ನನ್ನ ಡ್ಯೂಟಿ ಮುಗಿಯಿತೇ ಎಂದು ಕೇಳಿದೆ. "ಯಾಕೆ, ನಿಮ್ಮ ಬಸ್ಸು ಕೂಗ್ತಿದೆಯಾ?" ಎಂದರು. ತಮಾಷೆಗೆ ಹೇಳಿದ್ದು. ಐದು ದಿನ ಉಳಿದಿದೆ.

ಇಷ್ಟುದ್ದ ಯಾಕೆ ಬರೆದೆನೋ.

ಮಾರ್ಚ್ ೨೩

ಹೆಂಡತಿ ಸಂಜೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ನಾಳೆಗೆ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದಳು. "ನಾನು ಬ್ರೇಕ್ ತುಳೀಲಿಲ್ಲ. ನಿದ್ದೆ ಬಂದುಬಿಟ್ಟಿತ್ತು" ಎಂದೆ.

ಮಡಿಸುತ್ತಲೇ ಇದ್ದಳು. ಎರಡು ಟವೆಲ್ಲು, ಒಂದು ಲಂಗ. ಆಮೇಲೆ ಕೈಯಲ್ಲಿದ್ದ ದಿಂಬಿನ ಚೀಲವನ್ನು ನನ್ನ ಮುಖಕ್ಕೆ ಎಸೆದಳು.

"ಈಗ ಹೇಳ್ತಿದೀರಾ? ಐವತ್ತು ದಿನ ಅಂಗಡಿಗೆ ಬಂದವರ ಹತ್ರ ಎಲ್ಲ ಆ ಮೇಸ್ತ್ರಿನ ಬೈಕೊಂಡಿದೀನಲ್ರೀ! ಅವನ ಹೆಂಡ್ತಿ ಔಷಧಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಬೇರೆಯವರನ್ನ ಕಳಿಸ್ದೆ. ಅವಳು ಏನೂ ಅನ್ನದೆ ತಲೆ ತಗ್ಗಿಸ್ಕೊಂಡು ಹೋದ್ಲು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಬರೆ ಹಾಕಿಸಿದ್ದು ನನ್ನ ಕೈಯಲ್ಲಿ!"

"ನಾಳೆ ಹೇಳ್ಬೇಕು ಅಂತಿದೀನಿ. ಹೇಳಿದ್ರೆ ಕೆಲ್ಸ ಹೋಗುತ್ತೆ."

"ಹೋಗುತ್ತೆ" ಎಂದಳು. ಹೇಳಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ದಿಂಬಿನ ಚೀಲ ಎತ್ತಿಕೊಂಡು ಮತ್ತೆ ಮಡಿಸಿದಳು.

ಮಾರ್ಚ್ ೨೪

ಹತ್ತು ಗಂಟೆಗೆ ಬರಲು ಹೇಳಿದ್ದರು. ಒಂಬತ್ತೂವರೆಗೆ ಹೋದೆ. ಮೇಸ್ತ್ರಿ ಆಗಲೇ ಬಂದು ವಿಚಾರಣೆ ಮಾಡುವ ಸಾಹೇಬರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಗಡ್ಡ ಹೆರೆದು ಗಾಯ ಮಾಡಿಕೊಂಡಿದ್ದ. ನನಗೆ ಜಾಗ ಬಿಟ್ಟು ಸರಿದು ಕೂತ.

"ಅಣ್ಣ, ನಂಗೆ ಬರೆದು ಅಭ್ಯಾಸ ಇಲ್ಲ. ಒಂದ್ಸಲ ನೋಡ್ತೀರಾ?" ಎಂದು ಜೇಬಿನಿಂದ ಒಂದು ಹಾಳೆ ತೆಗೆದ. ಮೂರೇ ಸಾಲು. ಪೈಪಿನ ನಟ್ಟನ್ನು ಬಿಗಿ ಮಾಡಲು ಮರೆತೆ, ಅಪಘಾತಕ್ಕೆ ನಾನೇ ಕಾರಣ, ಡ್ರೈವರ್ ಅವರ ತಪ್ಪು ಇಲ್ಲ.

"ಹೀಗಂತ ನಿಂಗೆ ನೆನಪಿದೆಯಾ?" ಎಂದೆ.

"ಇಲ್ಲ. ಆದ್ರೆ ಬರೆದ್ಮೇಲೆ ಸ್ವಲ್ಪ ನಿದ್ದೆ ಬಂತು."

ಜವಾನ ಬಾಗಿಲು ತೆಗೆದು ಮೇಸ್ತ್ರಿಯನ್ನು ಕರೆದ. ಅವನು ಎದ್ದ. ನಾನೂ ಎದ್ದೆ. "ನಾನು ಮೊದ್ಲು" ಎಂದು ಒಳಗೆ ಹೋದೆ. ಹಾಳೆ ನನ್ನ ಕೈಯಲ್ಲೇ ಇತ್ತು.

ಸಾಹೇಬರು ಒಳ್ಳೆಯವರು. ನನ್ನ ಹೇಳಿಕೆಯನ್ನು ಮೇಜಿನ ಮೇಲೆ ತಿರುಗಿಸಿ, "ಇದು ನಿಮ್ಮದೇ ಸಹಿ ತಾನೇ?" ಎಂದರು. ಹೌದು ಎಂದರೆ ಮುಗಿಯುತ್ತಿತ್ತು.

"ಸಹಿ ನಂದು ಸಾರ್. ಬರೆದಿರೋದು ಸುಳ್ಳು. ಬ್ರೇಕ್ ತುಳೀಲೇ ಇಲ್ಲ, ನಿದ್ದೆ ಹೋಗಿದ್ದೆ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. "ಕಂಡಕ್ಟರ್ ನೋಡಿದೀನಿ ಅಂತ ಬರೆದಿದ್ದಾರಲ್ಲ?" ಎಂದರು ಸಾಹೇಬರು.

"ಅವನು ಟಿಕೆಟ್ ಹರೀತಿದ್ದ. ನಾನು ಹೇಳಿದ್ದನ್ನ ನಂಬಿದ." ಅದೊಂದು ಸುಳ್ಳನ್ನು ಮಾತ್ರ ಉಳಿಸಿಕೊಂಡೆ.

ಮತ್ತೆ ಮೊದಲಿನಿಂದ ಬರೆಸಿಕೊಂಡರು. ಸಹಿ ಹಾಕಿದೆ. ಲೈಸೆನ್ಸ್ ಕೇಳಿದರು, ಕೊಟ್ಟೆ. ಕೆಲಸ ಉಳಿಯುವುದಿಲ್ಲ, ಉಳಿದದ್ದು ಪೊಲೀಸರಿಗೆ ಬಿಟ್ಟಿದ್ದು ಎಂದು ನೆಲ ನೋಡುತ್ತಾ ಹೇಳಿದರು. ಸರಿ ಸಾರ್ ಎಂದೆ.

ಹೊರಗೆ ಬಂದು ಹಾಳೆಯನ್ನು ಮೇಸ್ತ್ರಿಯ ಕೈಗಿಟ್ಟೆ. "ಇದು ಬೇಡ. ನಿನ್ನ ಕೈಯಲ್ಲಿ ಆಗಿದ್ದಲ್ಲ. ನಾನು ಪೆಡಲ್ಲೇ ಮುಟ್ಟಿಲ್ಲ, ಮಲಗಿಬಿಟ್ಟಿದ್ದೆ" ಎಂದೆ. ಎರಡು ಸಲ ಹೇಳಬೇಕಾಯಿತು.

ಹೊಡೆಯುತ್ತಾನೆ ಎಂದು ಕಾದೆ. ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ, ಅಂಗೈ, ಹಿಂಗೈ. "ಬಿಗಿ ಮಾಡಿದ್ದೆ" ಎಂದ. ನನಗಲ್ಲ, ತನಗೆ ತಾನೇ.

ಆಮೇಲೆ ಹೇಳಿದ: "ಮಗಳ ಸೈಕಲ್ಲಿನ ಬ್ರೇಕ್ ಸಡಿಲ ಆಗಿ ಒಂದು ತಿಂಗಳಾಯ್ತು. ಕಟ್ಟಿಕೊಡಪ್ಪ ಅಂತ ದಿನಾ ಕೇಳ್ತಾಳೆ. ನನ್ನ ಕೈಯಲ್ಲಿ ಕಟ್ಟೋಕೆ ಹೆದರಿ, ಅವಳನ್ನ ನಡೆಸ್ಕೊಂಡೇ ಶಾಲೆಗೆ ಕಳಿಸ್ತಿದ್ದೆ."

ಅಣ್ಣ ಎನ್ನಲಿಲ್ಲ. ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಸಾಹೇಬರು ಕರೆಯುತ್ತಿದ್ದರೂ ಕೇಳಿಸಿಕೊಳ್ಳದೆ ಮೆಟ್ಟಿಲಿಳಿದು ಹೋದ.

ನಾನು ಬೆಂಚಿನ ಮೇಲೆ ಕೂತೆ. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ದೊಡ್ಡ ಸದ್ದಾಯಿತು. ಐವತ್ತು ದಿನದಲ್ಲಿ ಇದೇ ಮೊದಲು. ಜವಾನ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತ.

"ಕೆಲ್ಸ ಹೋಯ್ತಾ ಅಣ್ಣ?" ಎಂದ.

ಹೌದು ಎಂದೆ. ಅಳು ಬಂದದ್ದು ಅದಕ್ಕಲ್ಲ, ಆ ಸೈಕಲ್ಲಿನ ಮಾತಿಗೆ.